ಸಿಯೋಲ್‌ನ ಪ್ಯೋಂಗ್ಯಾಂಗ್ ನೆಂಗ್‌ಮ್ಯೋನ್ ಹೋಟೆಲಿಗೆ ಅತ್ತೆ ಮಾವನನ್ನು ಕರೆದುಕೊಂಡು ಹೋಗಬಹುದಾ?

ಸುವಾನ್ ಸೊಸೆ: ಆಗಸ್ಟ್‌ನಲ್ಲಿ ಅತ್ತೆ ಮಾವ ಬರ್ತಿದ್ದಾರೆ. ಯುಲ್ಜಿರೊ ಕಡೆ ಉತ್ತರ ಕೊರಿಯಾದಿಂದ ಬಂದವರು ನಡೆಸೋ ಹಳೇ ಹೋಟೆಲ್ ಇದೆ, ನೆಂಗ್‌ಮ್ಯೋನ್ ಅನ್ನೋ ತಣ್ಣನೆ ನೂಡಲ್ಸ್ ತಿನ್ನಿಸಿ ಅಂತ ಆಫೀಸಿನವರು ಹೇಳಿದರು. ಮಾವ ಕೋಳಿ, ಮೀನು ತಿನ್ನುತ್ತಾರೆ, ದನದ ಮಾಂಸ ಇಲ್ಲ. ಅತ್ತೆ ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಹೋದವರು ಅನುಭವ ಹೇಳಿ.

ಮಪೊ ಮಂಜ: ದುಡ್ಡು ಜಾಸ್ತಿ ಇದ್ದರೆ ಹೋಗಿ. ನಾನೂ ಹೆಂಡತಿಯೂ ಜುಲೈ ಬಿಸಿಲಲ್ಲಿ ಒಂದು ಗಂಟೆ ಕ್ಯೂ ನಿಂತೆವು. ನೆಂಗ್‌ಮ್ಯೋನ್ ಎರಡು, 32,000 ವೊನ್. ಬೇಯಿಸಿದ ಮಾಂಸದ ತಟ್ಟೆ 38,000. ಮಂದು, ಅಂದರೆ ಮಾಂಸ ತುಂಬಿದ ಕಡುಬು, 14,000. ಒಟ್ಟು 84,000, ಅಂದರೆ ಐದು ಸಾವಿರ ರೂಪಾಯಿ ದಾಟಿತು. ಬಂದಿದ್ದು ಏನು? ತಿಳಿ ಸಾರು, ತೆಳ್ಳಗೆ ಕೊಯ್ದ ಎರಡು ತುಂಡು ಮಾಂಸ, ಅರ್ಧ ಮೊಟ್ಟೆ, ನಾಲ್ಕು ಹೋಳು ಮೂಲಂಗಿ. ಉಪ್ಪಿಲ್ಲ, ಖಾರ ಇಲ್ಲ. ಪಾತ್ರೆ ತೊಳೆದ ನೀರು ಕುಡಿದ ಹಾಗಿತ್ತು. ಮಂದು ಮುಷ್ಟಿ ಗಾತ್ರ, ಅದೊಂದು ಚೆನ್ನಾಗಿತ್ತು. ಅದಕ್ಕೋಸ್ಕರ ಆ ಕ್ಯೂನಾ?

ಜಾಂಗ್‌ಚುಂಗ್ ಜಯಣ್ಣ: ಮಂಜಣ್ಣ, ಮೊದಲ ಸಲ ಎಲ್ಲರೂ ಇದನ್ನೇ ಅಂತಾರೆ. ಆ ಸಾರು ದನದ ಎದೆಮಾಂಸವನ್ನು ನಿಧಾನಕ್ಕೆ ಕುದಿಸಿ, ಕೊಬ್ಬು ತೆಗೆದು ತಣ್ಣಗೆ ಮಾಡಿದ್ದು. ಕೆಲವು ಕಡೆ ದೊಂಗ್‌ಚಿಮಿ ಅನ್ನೋ ಮೂಲಂಗಿ ಕಿಮ್ಚಿಯ ನೀರನ್ನೂ ಬೆರೆಸುತ್ತಾರೆ. ನೂಡಲ್ಸ್ ಬಕ್‌ವೀಟ್ (ಕುಟ್ಟು) ಹಿಟ್ಟಿನದು, ಹಲ್ಲಿಗೆ ತಾಗಿದರೆ ಸಾಕು ತುಂಡಾಗುತ್ತೆ. ನಾನು ಬಟ್ಟಲು ಎತ್ತಿ ಮೊದಲು ಬರೀ ಸಾರು ಕುಡಿಯುತ್ತೇನೆ. ಆಮೇಲೆ ನೂಡಲ್ಸ್ ಬಿಡಿಸುತ್ತೇನೆ. ಹಿಟ್ಟಿನ ವಾಸನೆ ಆಗ ಏಳುತ್ತೆ. ವಿನೆಗರ್ ಸುರಿದು, ಸಾಸಿವೆ ಕಲಸಿ, ಕತ್ತರಿಯಲ್ಲಿ ಕುಯ್ದರೆ ಅದು ಸಿಗಲ್ಲ. ನಿಜವಾಗಿ ಇದು ಚಳಿಗಾಲದ ಊಟ. ಹೊರಗೆ ಹಿಮ, ಕೆಳಗೆ ಬಿಸಿ ನೆಲ, ಮುಂದೆ ತಣ್ಣನೆ ಬಟ್ಟಲು. ಆಗಸ್ಟ್‌ನಲ್ಲಿ ಸುಮ್ನೆ ಗದ್ದಲ. ನಾನಂತೂ ಜನವರಿಯಲ್ಲೇ ಹೋಗೋದು, ಕ್ಯೂ ಇರಲ್ಲ.

ಪಂಗ್ಯೊ ಪದ್ದಿ: ವಿನೆಗರ್ ಹಾಕಬಾರದು ಅಂತ ಕಾನೂನು ಮಾಡಿದವರು ಯಾರು ಜಯಣ್ಣ? 2018ರ ಏಪ್ರಿಲ್‌ನಲ್ಲಿ ದಕ್ಷಿಣದ ಗಾಯಕರ ತಂಡ ಪ್ಯೋಂಗ್ಯಾಂಗ್‌ಗೆ ಹೋಗಿ ಅಲ್ಲಿನ ಹೆಸರಾಂತ ನೂಡಲ್ಸ್ ಹೋಟೆಲ್ ಒಕ್ರ್ಯುಗ್ವಾನ್‌ನಲ್ಲಿ ಉಂಡಾಗ, ಅಲ್ಲಿನವರೇ ನೂಡಲ್ಸ್ ಮೇಲೆ ವಿನೆಗರ್ ಹಾಕಿಕೊಳ್ಳಿ ಅಂದರು. ಖಾರದ ಮಸಾಲೆಯೂ ಇತ್ತು. ನೂಡಲ್ಸ್ ಸಿಯೋಲ್‌ನದಕ್ಕಿಂತ ಕಪ್ಪಗಿತ್ತು. ಇಲ್ಲಿನ ಶುದ್ಧವಾದಿಗಳ ಬಾಯಿ ಅವತ್ತು ಕಟ್ಟಿಹೋಯಿತು. ಅದೇ ತಿಂಗಳ 27ಕ್ಕೆ ಎರಡೂ ಕೊರಿಯಾ ನಾಯಕರ ಪನ್‌ಮುನ್‌ಜೊಮ್ ಶೃಂಗಸಭೆಯಲ್ಲಿ ಅದೇ ನೂಡಲ್ಸ್ ಬಡಿಸಿದರು. ಆ ಮಧ್ಯಾಹ್ನ ಸಿಯೋಲ್‌ನ ಹೋಟೆಲುಗಳ ಮುಂದೆ ಸಾಲೋ ಸಾಲು. ನಮ್ಮ ಮ್ಯಾನೇಜರ್ ಇಡೀ ಟೀಮನ್ನು ನಿಲ್ಲಿಸಿದ್ದ, ಮೀಟಿಂಗ್ ತಪ್ಪಿತು.

ಜಾಂಗ್‌ಚುಂಗ್ ಜಯಣ್ಣ: ಅದು ಇವತ್ತಿನ ಪ್ಯೋಂಗ್ಯಾಂಗ್. ಇಲ್ಲಿ ಇರೋದು ಕೊರಿಯಾ ಯುದ್ಧಕ್ಕೆ ಮುಂಚೆಯೂ, ಯುದ್ಧದ ಹೊತ್ತಲ್ಲೂ ಓಡಿಬಂದವರ ನಾಲಗೆ. ಯುಲ್ಜಿರೊದ ಊ ರೆ ಓಕ್ ಹೋಟೆಲ್ 1946ರದು. ಟಿವಿ ನೋಡಿ ಪಾಠ ಹೇಳಬೇಡಿ.

ಪಂಗ್ಯೊ ಪದ್ದಿ: ಹಾಗಾದರೆ ಊರಲ್ಲೇ ಉಳಿದವರ ನಾಲಗೆ ಸುಳ್ಳಾ? ಚೆನ್ನಾಗಿದೆ ರೀ ನ್ಯಾಯ.

ಸೊಕ್‌ಚೊ ಶೆಟ್ರು: ಉತ್ತರ ಅಂದ ತಕ್ಷಣ ಎಲ್ಲರಿಗೂ ಪ್ಯೋಂಗ್ಯಾಂಗ್ ಒಂದೇ. ಉತ್ತರದ್ದೇ ಇನ್ನೊಂದು ಸೀಮೆ ಹಾಮ್‌ಗ್ಯೋಂಗ್ ಏನಾಯ್ತು ಸ್ವಾಮಿ? ಸೊಕ್‌ಚೊದ ಅಬಾಯಿ ಕೇರಿಗೆ ಬನ್ನಿ. ಹಾಮ್‌ಗ್ಯೋಂಗ್‌ನಿಂದ ಓಡಿಬಂದು, ಯುದ್ಧ ಮುಗಿದ ಮೇಲೆ ಊರಿಗೆ ಹೋಗೋಣ ಅಂತ ಕಡಲ ದಂಡೆಯಲ್ಲೇ ಗುಡಿಸಲು ಹಾಕಿಕೊಂಡವರು ಅಲ್ಲಿನವರು. ಹೋಗಲಾಗಲೇ ಇಲ್ಲ. ಸ್ಕ್ವಿಡ್ ಹೊಟ್ಟೆಗೆ ಅನ್ನ, ತರಕಾರಿ ತುಂಬಿ ಬೇಯಿಸಿ, ಬಿಲ್ಲೆ ಕೊಯ್ದು, ಮೊಟ್ಟೆಯಲ್ಲಿ ಅದ್ದಿ ಹುರಿಯುತ್ತಾರೆ. ಗಾಜಾಮಿ ಸಿಕ್ಹೆ ಅಂತ ಇದೆ, ಮೀನಿಗೆ ನವಣೆ ಅನ್ನ, ಮೆಣಸಿನಪುಡಿ ಬೆರೆಸಿ ಹುಳಿ ಬರಿಸಿದ್ದು. ನಾನು ಬಂಗುಡೆ ತಿಂದು ಬೆಳೆದವನು, ಆದರೂ ಅದಕ್ಕೆ ಸೋತೆ. ಆ ಸೀಮೆಯ ಹಾಮ್‌ಹುಂಗ್ ಊರಿನ ನೆಂಗ್‌ಮ್ಯೋನ್ ಖಾರ, ನೂಡಲ್ಸ್ ಗೆಣಸಿನ ಪಿಷ್ಟದ್ದು. ಅದಕ್ಕೆ ಕತ್ತರಿ ಬೇಕೇ ಬೇಕು. ದೂರ ಅನ್ನೋರು ಸಿಯೋಲ್‌ನ ಓಜಾಂಗ್-ದೋಂಗ್‌ಗೆ ಹೋಗಿ.

ಮಪೊ ಮಂಜ: ಖಾರ ಅಂದ್ರಲ್ಲ ಶೆಟ್ರೇ, ಇದನ್ನ ಮೊದಲೇ ಯಾಕೆ ಹೇಳಲಿಲ್ಲ? 84,000 ಉಳೀತಿತ್ತು.

ಬುಂದಾಂಗ್ ಭಾಗ್ಯ: ನಿಮ್ಮ 84,000 ಬಿಡಿ. ನಮ್ಮೆಜಮಾನರಿಗೆ ಬಕ್‌ವೀಟ್ ಅಲರ್ಜಿ ಇದೆ ಅಂತ ನಮಗೆ ಗೊತ್ತಾಗಿದ್ದೇ ಟೇಬಲ್ ಮುಂದೆ. ಎರಡು ತುತ್ತಿಗೆ ತುಟಿ ಊದಿತು, ಆಮೇಲೆ ಉಸಿರು. 119ಕ್ಕೆ ಫೋನ್ ಮಾಡಿದೆವು, ಆಂಬುಲೆನ್ಸ್ ಪುಕ್ಕಟೆ. ಎಮರ್ಜೆನ್ಸಿ ಬಿಲ್ ಮಾತ್ರ ಪುಕ್ಕಟೆ ಅಲ್ಲ! ಇಂಜೆಕ್ಷನ್, ಡ್ರಿಪ್, ಬೆಳಗಿನ ತನಕ ಕುರ್ಚಿ. ನೂಡಲ್ಸ್ ಬೇಯಿಸಿದ ಬಿಸಿ ನೀರನ್ನೂ ಲೋಟದಲ್ಲಿ ತಂದಿಡುತ್ತಾರೆ, ಅದರಲ್ಲೂ ಬಕ್‌ವೀಟೇ. ವಯಸ್ಸಾದವರನ್ನು ಕರೆದುಕೊಂಡು ಹೋಗೋರು ಇದನ್ನು ಮೊದಲು ವಿಚಾರಿಸಿ.

ಇತೆವಾನ್ ಐಯಂಗಾರ್: ನನ್ನ ಕಥೆ ಇನ್ನೂ ಬೇರೆ. ಆಫೀಸ್ ಪಾರ್ಟಿಯಲ್ಲಿ ಒಬೊಕ್ ಜೆಂಗ್‌ಬನ್ ತರಿಸಿದರು. ಅಗಲದ ಹಿತ್ತಾಳೆ ತಟ್ಟೆ, ಕೆಳಗೆ ಉರಿ, ಸುತ್ತ ಮಾಂಸ, ಅಣಬೆ, ಸೊಪ್ಪು, ನಡುವೆ ಕುದಿಯೋ ಸಾರು. ಒಂದು ತಟ್ಟೆಗೆ ಲಕ್ಷ ವೊನ್. ಸೊಪ್ಪಾದರೂ ತಿನ್ನೋಣ ಅಂತ ಚಾಪ್‌ಸ್ಟಿಕ್ ಎತ್ತಿದೆ. ಪಕ್ಕದವನು ಖುಷಿಯಲ್ಲಿ ಹೇಳಿದ, ಹಳೇ ಕ್ರಮದಲ್ಲಿ ಇದಕ್ಕೆ ಹಸುವಿನ ಕೆಚ್ಚಲೂ ಹಾಕುತ್ತಾರೆ ಅಂತ. ಚಾಪ್‌ಸ್ಟಿಕ್ ಕೆಳಗಿಟ್ಟೆ. ಲೆಕ್ಕ ಮಾತ್ರ ತಲೆಗೆ ಸಮನಾಗಿ ಹಂಚಿದರು, ನನ್ನ ಪಾಲು 41,000, ಸೊಜು ಮದ್ಯ ಸೇರಿ. ನಾನು ಕುಡಿದಿದ್ದು ನೀರು!

ಪಂಗ್ಯೊ ಪದ್ದಿ: ಬಿಂದೆತೊಕ್ ತಿನ್ನಬಹುದಿತ್ತಲ್ಲ ಸರ್, ಹೆಸರುಬೇಳೆ ನೆನೆಸಿ ರುಬ್ಬಿ ಹೊಯ್ಯೋದು. ನಮ್ಮದೇ ಪೆಸರಟ್ಟು.

ಇತೆವಾನ್ ಐಯಂಗಾರ್: ಹಂದಿ ಕೊಬ್ಬಿನಲ್ಲಿ ಬೇಯಿಸೋದನ್ನ ಪೆಸರಟ್ಟು ಅಂತೀರಾ? ಹಿಟ್ಟಿನೊಳಗೆ ಹಂದಿ ಚೂರು ಬೇರೆ. ಯಾವುದಕ್ಕೆ ಯಾವುದನ್ನ ಹೋಲಿಸ್ತೀರಿ?

ಪಂಗ್ಯೊ ಪದ್ದಿ: ಈಗ ಎಷ್ಟೋ ಕಡೆ ಎಣ್ಣೆಯಲ್ಲೇ ಮಾಡ್ತಾರೆ. ಕೇಳಿ ತಿನ್ನಬೇಕು. ಮತ್ತೆ ಪೆಸರಟ್ಟು ಆಂಧ್ರದವರದು, ನೀವು ಯಾಕೆ ಉರ್ಕೋತೀರಿ?

ಸುವಾನ್ ಸೊಸೆ: ಎಲ್ಲರಿಗೂ ಥ್ಯಾಂಕ್ಸ್. ನಮ್ಮತ್ತೆ ಏನು ತಿನ್ನಬಹುದು ಅಂತ ಯಾರಾದರೂ ಹೇಳ್ತೀರಾ?

ಬುಂದಾಂಗ್ ಭಾಗ್ಯ: ಏನೂ ಇಲ್ಲ ಕಣಮ್ಮಾ. ಸಾರು ದನದ್ದು, ಮಂದು ಹಂದಿದು, ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಇಲ್ಲವೇ ಉಪ್ಪು ಸಿಗಡಿ. ಸಾರು ಕುಡಿಯದೆ ಮಾವನಿಗೂ ಅಲ್ಲಿ ಕೆಲಸ ಇಲ್ಲ. ಅವರನ್ನು ಶೆಟ್ರು ಹೇಳಿದ ಸೊಕ್‌ಚೊಗೆ ಕಳಿಸಿ, ಅತ್ತೆಗೆ ಮನೆಯಲ್ಲೇ ಚಿತ್ರಾನ್ನ ಕಲಸಿ.

ಜಾಂಗ್‌ಚುಂಗ್ ಜಯಣ್ಣ: ಅರ್ಧ ಮೊಟ್ಟೆ, ಮೂಲಂಗಿ ಎತ್ತಿ ಕೊಡಬಹುದು.

ಇತೆವಾನ್ ಐಯಂಗಾರ್: ಮೊಟ್ಟೆಯೂ ಇಲ್ಲ ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ, ಓದಿ ಜಯಣ್ಣ. ಆ ಮೂಲಂಗಿ ಇದ್ದಿದ್ದು ಯಾವ ಸಾರಲ್ಲಿ?

ಸೊಕ್‌ಚೊ ಶೆಟ್ರು: ಸೊಕ್‌ಚೊಗೆ ಬರೋದಾದರೆ ಶನಿವಾರ ಬೇಡ. ಬಸ್ ಟಿಕೆಟ್ ಸಿಗಲ್ಲ.