ಮೂಗು ನೋಡಿ ಕುಲ ಹೇಳಬಹುದಾ?

ಮಂಡ್ಯದ ಟೀಚರ್: ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಿನ್ನೆ ಕೇಳಿದಳು, "ಮಿಸ್, ಮೂಗು ನೋಡಿದ್ರೆ ಯಾವ ಕುಲ ಅಂತ ಗೊತ್ತಾಗುತ್ತಂತೆ, ನಿಜಾನಾ?" ಯಾರೋ ಅವಳಿಗೆ ಚುಚ್ಚಿ ಮಾತಾಡಿದ್ದಾರೆ. ಕಣ್ಣು ತುಂಬಿಕೊಂಡಿದ್ದಳು. ಸುಮ್ನೆ ಸಮಾಧಾನ ಹೇಳಿದರೆ ಸಾಲದು. ವಿಜ್ಞಾನ ಏನನ್ನುತ್ತದೆ?

ಕುವೆಂಪುನಗರದ ಓದುಗ: ಮೇಡಂ, ಈ ಮಾತು ಹಬ್ಬಿದ್ದೇ ವಿಜ್ಞಾನದ ಹೆಸರಲ್ಲಿ. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸುತ್ತಿದ್ದರು. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬುದು ಅವರ ವಾದ. ಅಂಬೇಡ್ಕರ್ 1948ರಲ್ಲಿ ಮೂಗಿನ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವಲ್ಲ ಎಂದು ವಾದಿಸಿದರು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಸರಸ್ವತಿಪುರಂ ಅಜ್ಜಿ: ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬಗ್ಗೆ ಆ ಮಗುವಿಗೆ ಖಂಡಿತ ಹೇಳಮ್ಮ. ಬರ್ಲಿನ್‌ನಲ್ಲಿ ಅವರ ಗುರು ಆಯ್ಗನ್ ಫಿಶರ್‌ಗೆ ಬಿಳಿಯರ ತಲೆಬುರುಡೆಯೇ ಮೇಲು ಅಂತ ನಂಬಿಕೆ. ಈ ಹೆಣ್ಣುಮಗಳು 149 ಬುರುಡೆ ಅಳೆದರು. ಅಂಥದ್ದೇನೂ ಸಿಗಲಿಲ್ಲ. ಗುರುವಿನ ಮುಂದೆ ಹಾಗೇ ಬರೆದುಕೊಟ್ಟರು. ಎಂಥ ಧೈರ್ಯ, ಅಲ್ವಾ!

ಮಂಡ್ಯದ ಟೀಚರ್: ನಾಳೆಯೇ ಹೇಳುತ್ತೇನೆ ಅಮ್ಮಾ. ಜೀನ್ ವಿಚಾರ?

ಕುವೆಂಪುನಗರದ ಓದುಗ: 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಲೆಕ್ಕ ಹಾಕಿದರು. ಮನುಷ್ಯರ ಜೀನ್ ವ್ಯತ್ಯಾಸದಲ್ಲಿ ಸುಮಾರು 85% ಒಂದೇ ಜನಸಮೂಹದ ಒಳಗೇ ಇರುತ್ತದೆ. ಅಂದರೆ ಅದರಲ್ಲಿ ಜಾಸ್ತಿ ಪಾಲು ನಿಮ್ಮ ಮಂಡ್ಯದ ಸಂತೆಯಲ್ಲೇ ಸಿಗುತ್ತದೆ.