ಕಲಬುರಗಿ ಬ್ಯಾಸಗಿಗೆ ಕ್ಲಾಸ್-ಎ ಆಂಪ್ಲಿಫೈಯರ್ ಬೇಕಾ?

ಗುಂಪು: ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಹಳೇ ಬ್ಯಾಚ್

ಬಸವರಾಜ, ಕಲಬುರಗಿ:
[ಫಾರ್ವರ್ಡ್] ಜೆಎಲ್‌ಎಚ್ (ಜಾನ್ ಲಿನ್ಸ್ಲಿ ಹುಡ್) 1969 ಆಂಪ್ಲಿಫೈಯರ್, ಪ್ಯೂರ್ ಕ್ಲಾಸ್-ಎ, 10+10 ವಾಟ್, ಜೋಡಿಸಿ ಸಿದ್ಧ. ಬಿಸಿಯಾಗುವುದು ಸಹಜ.

ಬಸವರಾಜ:
ಇದನ್ನ ತಗೋಬೇಕಂತ ಮಾಡೀನಿ. ಸ್ಪೀಕರ್ 8 ಓಮ್, ಒಂದು ವಾಟಿಗೆ 88 ಡಿಬಿ ಸದ್ದು. ರೂಮಿಗೆ ಎಸಿ ಇಲ್ಲ, ಮ್ಯಾಲ ಆರ್‌ಸಿಸಿ. ಮೇ ತಿಂಗಳದಾಗ ಹೊರಗ 42 ದಾಟ್ತದ. ನಡೀತದೇನು?

ಸುಧಾ, ಬೆಂಗಳೂರು:
ಬೇಡ ಬಸು. ಕ್ಲಾಸ್-ಎ ಅಂದ್ರೆ ಹಾಡಿದ್ರೂ ಹಾಡದಿದ್ರೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಕರೆಂಟ್ ಹರೀತಾನೇ ಇರುತ್ತೆ. ಆ ಸರ್ಕ್ಯೂಟ್ 8 ಓಮ್‌ಗೆ 27 ವೋಲ್ಟ್, 1.2 ಆಂಪಿಯರ್ ಸದಾ ಎಳೆಯುತ್ತೆ. ಚಾನೆಲ್‌ಗೆ 32 ವಾಟ್, ಎರಡಕ್ಕೆ 65. ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್ ಸೇರಿದ್ರೆ ಸಾಕೆಟ್ಟಲ್ಲಿ ಇನ್ನೂ ಜಾಸ್ತಿ. ವಾಲ್ಯೂಮ್ ಕಡಿಮೆ ಇಟ್ರೆ ತಣ್ಣಗಿರುತ್ತೆ ಅಂದ್ಕೋಬೇಡ. ಕ್ಲಾಸ್-ಎ ಅತಿ ಹೆಚ್ಚು ಬಿಸಿ ಇರೋದೇ ಹಾಡು ನಿಂತಾಗ.

ವಿನಯ್, ಮಂಗಳೂರು:
1969ರ ಏಪ್ರಿಲ್ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬಂದ ಲಿನ್ಸ್ಲಿ ಹುಡ್ ಡಿಸೈನ್ ಅದು ಮಾರಾಯ್ತಿ, ಚಾನೆಲ್‌ಗೆ ನಾಲ್ಕೇ ಟ್ರಾನ್ಸಿಸ್ಟರ್. ಕ್ರಾಸ್‌ಓವರ್ ಡಿಸ್ಟಾರ್ಷನ್ (ಒಂದು ಟ್ರಾನ್ಸಿಸ್ಟರ್‌ನಿಂದ ಇನ್ನೊಂದಕ್ಕೆ ಕೆಲಸ ದಾಟುವಾಗಿನ ವಿಕೃತಿ) ಎಂಬುದೇ ಇಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ 2ಎನ್3055ರ ಜಂಕ್ಷನ್ (ಒಳಗಿನ ಚಿಪ್) 200 ಡಿಗ್ರಿ ತಡೆಯುತ್ತದೆ. 42ಕ್ಕೆ ಹೆದರುವುದು ಯಾಕೆ?

ಸುಧಾ:
ಲೆಕ್ಕ ಹಾಕೋಣ. ಚಾನೆಲ್‌ಗೊಂದು 1 ಡಿಗ್ರಿ/ವಾಟ್ ಹೀಟ್‌ಸಿಂಕ್ (ಶಾಖ ಹೊರಬಿಡೋ ಲೋಹ, ವಾಟ್‌ಗೆ 1 ಡಿಗ್ರಿ ಏರೋದು) ಅಂತ ಇಟ್ಕೋ. ರೂಮು 40 ಇದ್ರೆ ಸಿಂಕ್ 72. ಔಟ್‌ಪುಟ್ ಟ್ರಾನ್ಸಿಸ್ಟರ್ ಎರಡು, ತಲಾ 16 ವಾಟ್, ಜಂಕ್ಷನ್‌ನಿಂದ ಕೇಸ್‌ಗೆ 1.5, ಮೈಕಾ ಮತ್ತು ಪೇಸ್ಟ್ 0.5, ಅಂದ್ರೆ ಮತ್ತೆ 32 ಡಿಗ್ರಿ. ಜಂಕ್ಷನ್ 104. ಅಸಲಿ ಟ್ರಾನ್ಸಿಸ್ಟರ್ ಆದ್ರೆ ಸಾಯಲ್ಲ, ಒಪ್ತೀನಿ. ಸಾಯೋದು ಕೆಪಾಸಿಟರ್. ಆ ಸರ್ಕ್ಯೂಟಲ್ಲಿ ಸ್ಪೀಕರ್ ದಾರಿಯಲ್ಲೇ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕೂತಿದೆ. 85 ಡಿಗ್ರಿ, 2000 ಗಂಟೆ ಅಂತ ಬರೆದ ಮಾಲಿಗೆ ಡಬ್ಬದೊಳಗೆ 65 ಇದ್ರೆ ಸುಮಾರು 8000 ಗಂಟೆ. 10 ಡಿಗ್ರಿ ಏರಿದಂಗೆಲ್ಲಾ ಆಯಸ್ಸು ಅರ್ಧ.

ವಿನಯ್:
105 ಡಿಗ್ರಿಯ ಕೆಪಾಸಿಟರ್ ಹಾಕಿ, ಸಿಂಕ್ ದೊಡ್ಡದು ಮಾಡಿ. 0.5 ಡಿಗ್ರಿ/ವಾಟ್ ಆದರೆ ಏರುವುದು 16 ಡಿಗ್ರಿ ಮಾತ್ರ.

ಸುಧಾ:
ಆಂಪ್ಲಿಫೈಯರ್ ಉಳಿಯುತ್ತೆ, ಸರಿ. ರೂಮಿಗೆ ಬೀಳೋ ಶಾಖ ಒಂದು ವಾಟೂ ಕಡಿಮೆ ಆಗಲ್ಲ. ಬಸು ಮನೆಯಲ್ಲಿ ಸಂಜೆ ಛಾವಣಿಯೇ ಶಾಖ ಬಿಡ್ತಿರುತ್ತೆ. ಅಲ್ಲಿಗೆ ಇದೂ ಬೇಕಾ?

ಮಂಜು, ದಾವಣಗೆರೆ:
ಮಾಮೂಲಿ ಕ್ಲಾಸ್-ಎಬಿ ತಗೋಳ್ಲಿ ಬಿಡ್ರಪ್ಪ, ಸುಮ್ಮನಿದ್ದಾಗ ಕಮ್ಮಿ ಕರೆಂಟ್ ಎಳೆಯೋದು. ಸರ್ವಿಸ್ ಎಲ್ಲಾ ಕಡೆ ಸಿಗುತ್ತೆ.

ಸುಧಾ:
ಆಗಬಹುದು ಮಂಜು, ಆದ್ರೆ 4 ಓಮ್ ಸ್ಪೀಕರ್ ಅಥವಾ ಎ+ಬಿ ಸ್ವಿಚ್ಚಲ್ಲಿ ಎರಡು ಜೋಡಿ ಸ್ಪೀಕರ್ ಒಟ್ಟಿಗೆ ಹಾಕಬಾರದು, ಕರೆಂಟ್ ದುಪ್ಪಟ್ಟು. ಬಯಾಸ್ ಟ್ರಾನ್ಸಿಸ್ಟರ್ (ಸುಮ್ಮನಿದ್ದಾಗಿನ ಕರೆಂಟ್ ಹದದಲ್ಲಿಡೋದು) ಹೀಟ್‌ಸಿಂಕ್‌ಗೆ ಅಂಟಿರಲೇಬೇಕು. ಬಿಸಿ ಏರಿದ್ರೆ ವಿಬಿಇ (ಔಟ್‌ಪುಟ್ ಟ್ರಾನ್ಸಿಸ್ಟರ್ ತೆರೆಯೋಕೆ ಬೇಕಾದ ಬೇಸ್-ಎಮಿಟರ್ ವೋಲ್ಟೇಜ್) ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಅದನ್ನ ಸರಿದೂಗಿಸೋ ಟ್ರಾನ್ಸಿಸ್ಟರ್ ಸಿಂಕ್‌ನಿಂದ ಕಳಚಿಕೊಂಡಿದ್ರೆ ಕರೆಂಟ್ ಏರುತ್ತೆ, ಮತ್ತೆ ಬಿಸಿ, ಮತ್ತೆ ಕರೆಂಟ್, ಕೊನೆಗೆ ಔಟ್‌ಪುಟ್ ಶಾರ್ಟ್. ಹಳೇ ಸೆಟ್ ಕೊಂಡ್ರೆ ಮೊದಲು ಮುಚ್ಚಳ ತೆಗೆದು ಇದನ್ನ ನೋಡಿ.

ಬಸವರಾಜ:
ಹಂಗಾದ್ರ ಏನ್ ತಗೋಲಿ, ನೆಟ್ಟಗ ಹೇಳ್ರಿ.

ಸುಧಾ:
ಕ್ಲಾಸ್-ಡಿ. ಅದರಲ್ಲಿ ಟ್ರಾನ್ಸಿಸ್ಟರ್ ಸ್ವಿಚ್ ಥರ ಆನ್-ಆಫ್ ಆಗುತ್ತೆ, ಅದಕ್ಕೇ ಬಿಸಿ ಕಮ್ಮಿ. ಟಿಪಿಎ3255 ಚಿಪ್ ಇರೋ ಸ್ಟೀರಿಯೋ ಆಂಪ್ಲಿಫೈಯರ್, 48 ಬೇಡ, 36 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಸಾಕು. 8 ಓಮ್‌ಗೆ ಕೈಗೆ ಸಿಗೋದು 60 ವಾಟ್ ಮೇಲೆ. ನಿನ್ನ 88 ಡಿಬಿ ಸ್ಪೀಕರ್ ಮನೆಯಲ್ಲಿ ಬಹುಪಾಲು 1-2 ವಾಟಲ್ಲೇ ಹಾಡೋದು. ಸುಮ್ಮನಿದ್ದಾಗ ಎಳೆಯೋದು ಕೆಲವೇ ವಾಟ್.

ವಿನಯ್:
ಅದರ ಔಟ್‌ಪುಟ್ ಫಿಲ್ಟರ್ ಸ್ಪೀಕರ್ ಇಂಪೀಡೆನ್ಸ್ (ಓಮ್) ನೋಡಿ ನಾದದ ಬಣ್ಣ ಬದಲಿಸುತ್ತದೆ, ಗೊತ್ತುಂಟಲ್ಲ? 8 ಓಮ್‌ಗೆ ಟ್ರೆಬಲ್ ಏರುತ್ತದೆ, 4 ಓಮ್‌ಗೆ ಇಳಿಯುತ್ತದೆ. ಮೀಡಿಯಂ ವೇವ್ ಆಕಾಶವಾಣಿ ಹತ್ತಿರ ಇಟ್ಟರೆ ಬರ್ ಅನ್ನುತ್ತದೆ, ಸ್ವಿಚಿಂಗ್ 450-600 ಕಿಲೋಹರ್ಟ್ಸ್ ಅಲ್ವಾ.

ಸುಧಾ:
ಅದು ನಿಜವಾದ ದೋಷ. ಅದಕ್ಕೇ ಪಿಎಫ್‌ಎಫ್‌ಬಿ ಇರೋದನ್ನೇ ತಗೋಬೇಕು, ಫಿಲ್ಟರ್ ಆದ ಮೇಲಿಂದ ಫೀಡ್‌ಬ್ಯಾಕ್ ತಗೊಳ್ಳೋ ಡಿಸೈನ್. ವಿವರದಲ್ಲಿ ಅದು ಬರೆದಿಲ್ಲ ಅಂದ್ರೆ ಬಿಟ್ಟುಬಿಡು. ರೇಡಿಯೋ ದೂರ ಇಡು.

ವಿನಯ್:
ಪಿಎಫ್‌ಎಫ್‌ಬಿ ಇದ್ದರೆ ನನ್ನ ತಕರಾರು ಅರ್ಧ ಹೋಯಿತು. ಆದರೂ ಡಿಸೆಂಬರ್-ಜನವರಿಗೆ ಕ್ಲಾಸ್-ಎ ಇಟ್ಟುಕೊಳ್ಳುವುದು ತಪ್ಪಲ್ಲ. ಇಂಪಿನಲ್ಲಿ ಅದಕ್ಕೆ ಸಮ ಇಲ್ಲ ಎಂಬ ಮಾತು ನಾನು ಬಿಡುವುದಿಲ್ಲ.

ಮಂಜು:
ಅಡಾಪ್ಟರ್‌ದು ಯಾರೂ ಹೇಳಲಿಲ್ಲ. ಶಾಖಕ್ಕೆ ಮೊದಲು ಕೈ ಕೊಡೋದು ಅದೇ. ಡೇಟಾಶೀಟಲ್ಲಿ ಡಿರೇಟಿಂಗ್ ನೋಡಪ್ಪ, 40ಕ್ಕೋ 50ಕ್ಕೋ ಲೋಡ್ ಇಳಿಸಬೇಕು ಅಂತಿರುತ್ತೆ. ಟಿವಿ ಹಿಂದೆ, ಶೋಕೇಸ್ ಒಳಗೆ ತುರುಕಬೇಡ. ಆಂಪ್ಲಿಫೈಯರ್ ಮೇಲೆ 10 ಸೆಂಟಿಮೀಟರ್ ಜಾಗ ಬಿಡು, ಸೆಟ್‌ಟಾಪ್ ಬಾಕ್ಸ್ ಹೇರಬೇಡ. ಶೋಕೇಸಲ್ಲೇ ಇಡಬೇಕು ಅಂದ್ರೆ ಹಿಂದಿನ ಹಲಗೆ ಮೇಲ್ಭಾಗ ಕೊರೆದು 120 ಎಂಎಂ, 12 ವೋಲ್ಟ್ ಫ್ಯಾನ್ ಹಾಕಿ 7 ವೋಲ್ಟಲ್ಲಿ ಓಡಿಸು, ಸದ್ದು ಬರಲ್ಲ. ಗಾಳಿ ಹೊರಗೆ ಎಳೆಯೋ ಕಡೆ ಮುಖ.

ಬಸವರಾಜ:
ಆತು, ಪಿಎಫ್‌ಎಫ್‌ಬಿ ಇದ್ದದ್ದೇ ನೋಡ್ತೀನಿ. ಸಬ್‌ವೂಫರ್‌ಗೆ ಸ್ಪೀಕರ್ ವೈರ್‌ದಿಂದಾನೆ ಕನೆಕ್ಷನ್ ಕೊಡಬಹುದಾ?

ಸುಧಾ:
ಕೊಡಬೇಡ! ಟಿಪಿಎ3255 ಸ್ಟೀರಿಯೋದಲ್ಲಿ ಔಟ್‌ಪುಟ್ ಬ್ರಿಡ್ಜ್. ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತೆ. ಸಬ್‌ವೂಫರ್ ಒಳಗೆ ಎರಡೂ ಕಪ್ಪು ಒಂದಕ್ಕೊಂದು ಅಥವಾ ಗ್ರೌಂಡ್‌ಗೆ ಸೇರಿದ್ರೆ ಔಟ್‌ಪುಟ್ ಶಾರ್ಟ್ ಆದ ಹಾಗೆ. ಸಬ್ ಔಟ್ ಅಥವಾ ಪ್ರೀ ಔಟ್ ಇರೋ ಮಾಡೆಲ್ ತಗೊಂಡು ಆರ್‌ಸಿಎ ಕೇಬಲ್ ಹಾಕು.