ಕಾರವಾರದ ಉಪ್ಪು ಗಾಳಿಯಲ್ಲಿ ಹಳೇ ಜಾಝ್ ಕೇಳಲು ಯಾವ ಹಳೇ ಸ್ಪೀಕರ್? ಬಜೆಟ್ 15 ಸಾವಿರ

ಕೋಡಿಬಾಗ್ ಕೇಳುಗ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು. ಮನೆಯಿಂದ ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ನಡೆದರೆ ಹತ್ತು ನಿಮಿಷ.

ಅಪ್ಪ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ರಜೆಗೆ ಬಂದಾಗ ರಾತ್ರಿ ಊಟ ಆದ ಮೇಲೆ ಶಾರ್ಟ್‌ವೇವ್‌ನಲ್ಲಿ ವಾಯ್ಸ್ ಆಫ್ ಅಮೆರಿಕದ ಜಾಝ್ ಹಾಕುತ್ತಿದ್ದರು. ವಿಲ್ಲಿಸ್ ಕೊನೋವರ್ ಅಂತ ನಿರೂಪಕ. ತಗ್ಗಿನ ದನಿ, ಒಂದೊಂದೇ ಶಬ್ದ ಬಿಡಿಸಿ ಮಾತಾಡುತ್ತಿದ್ದ. ಇಂಗ್ಲಿಷ್ ಬಾರದ ಅಮ್ಮನಿಗೂ ಆ ದನಿ ಗುರುತಿತ್ತು. ಸ್ಟೇಷನ್ ಅಲೆಯ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತು. ನನಗೆ ಜಾಝ್ ಅಂದರೆ ಇವತ್ತಿಗೂ ಅದೇ ನೆನಪು.

ಅಪ್ಪ ಹೋದ ವರ್ಷ ತೀರಿಕೊಂಡರು. ಅವರ 22 ಎಲ್‌ಪಿ ರೆಕಾರ್ಡ್ ನನ್ನ ಹತ್ತಿರ ಇವೆ. ಮೈಲ್ಸ್ ಡೇವಿಸ್, ಬೆನ್ ವೆಬ್‌ಸ್ಟರ್, ಬಿಲ್ಲಿ ಹಾಲಿಡೇ, ಡೇವ್ ಬ್ರೂಬೆಕ್. ಹೆಚ್ಚಿನವು 1950ರ ದಶಕದ ಸಂಗೀತ. ಟರ್ನ್‌ಟೇಬಲ್ ರಿಪೇರಿ ಆಗಿದೆ. 30 ವಾಟ್‌ನ ಹಳೇ ಆಂಪ್ (ಆಂಪ್ಲಿಫೈಯರ್) ಇದೆ. ಸ್ಪೀಕರ್ ಮಾತ್ರ ಇಲ್ಲ. ಕೋಣೆ 10 ಅಡಿ, 12 ಅಡಿ. ಹಂಚಿನ ಮಾಡು, ಕೆಂಪು ಸಿಮೆಂಟ್ ನೆಲ, ಚಿರೇಕಲ್ಲಿನ ಗೋಡೆ. ಜೋರಾಗಿ ಹಾಕುವುದಿಲ್ಲ, ಪಕ್ಕದ ಮನೆಯಲ್ಲಿ ಹಸುಗೂಸು ಇದೆ.

ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಅಂಗಡಿಯಿಂದ ಹಳೇ ಜೋಡಿ ತರಿಸಿದ್ದೆ. ಜನವರಿಯಲ್ಲಿ ಚೆನ್ನಾಗಿತ್ತು. ಆಗಸ್ಟ್‌ನಲ್ಲಿ ತಗ್ಗಿನ ಸ್ವರ ಕೊಡುವ ಒಂದು ವೂಫರ್ ಪರಪರ ಅನ್ನಲು ಶುರುವಾಯಿತು. ಅಂಚಿನ ಫೋಮ್ ಮುಟ್ಟಿದರೆ ಬೆರಳಿಗೆ ಜೋನಿ ಬೆಲ್ಲದ ಹಾಗೆ ಅಂಟಿತು. ಅಂಗಡಿಯವರು ಮಾರಿದ್ದು ಮಾರಿದ್ದೇ ಎಂದರು. ಹಾಗಾಗಿ ಈ ಸಲ ಕೇಳಿಯೇ ಕೊಳ್ಳೋಣ ಅಂತ.

ಮಡಗಾಂವ್‌ನಲ್ಲಿ ಒಂದು ಹಳೇ ಮನೆ ಖಾಲಿ ಮಾಡುತ್ತಿದ್ದಾರೆ. ಅಲ್ಲಿ ಎರಡು ಜೋಡಿ ಇದೆ. ಒಂದು ಜಪಾನಿನದು, 12 ಇಂಚಿನ ವೂಫರ್, ಸೊಂಟದೆತ್ತರದ ಡಬ್ಬಿ, ಅಂಚು ಫೋಮ್, 14 ಸಾವಿರ. ಇನ್ನೊಂದು ಅಮೆರಿಕದ ಎಆರ್-4ಎಕ್ಸ್, 8 ಇಂಚು, ಅಂಚು ಬಟ್ಟೆಯದು, 16 ಸಾವಿರ. ಚಿಕ್ಕದಕ್ಕೇ ಬೆಲೆ ಜಾಸ್ತಿ! ಯಾವುದು ತರಲಿ?

ಶಿರಸಿ ಮಾಳಿಗೆ:

ಚಿಕ್ಕದು ತನ್ನಿ ಮಾರಾಯ್ರೆ. ನಿಮ್ಮ ಕೋಣೆಗೆ 12 ಇಂಚು ಬೇಡವೇ ಬೇಡ. ಅಷ್ಟು ಚಿಕ್ಕ ಜಾಗದಲ್ಲಿ ದೊಡ್ಡ ವೂಫರ್ ಇಟ್ಟರೆ ತಗ್ಗಿನ ಸ್ವರ ಗೋಡೆಗೆ ಬಡಿದು ಗುಂಯ್ ಅಂತ ಮುದ್ದೆಯಾಗುತ್ತದೆ.

ಜಾಝ್‌ಗೆ ಬೇಸ್, ಅಂದರೆ ತಗ್ಗಿನ ಸ್ವರ, ಬೇಕು, ಹೌದು. ಆದರೆ ಯಾವ ಥರದ ಬೇಸ್? ಭಾಗವತರ ಪದಕ್ಕೆ ಮದ್ದಳೆ ಇದ್ದ ಹಾಗೆ ಇಲ್ಲಿ ಡಬಲ್ ಬೇಸ್ ಅನ್ನುವ ಆಳೆತ್ತರದ ತಂತಿವಾದ್ಯ. ಮದ್ದಳೆಯಲ್ಲಿ ಪ್ರತಿ ಪೆಟ್ಟು ಬೇರೆ ಬೇರೆ ಕೇಳಬೇಕು ಅಲ್ವಾ? ಹಾಗೇ ಇದರಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಬೇಕು. ಡಬಲ್ ಬೇಸ್‌ನ ಅತಿ ತಗ್ಗಿನ ತಂತಿ ಸುಮಾರು 41 ಹರ್ಟ್ಸ್. ಆದರೆ ಬೆರಳು ತಂತಿ ಎಳೆದು ಬಿಡುವ ಸದ್ದು, ಮರದ ಮೈ ಮಿಡಿಯುವುದು, ಇದೆಲ್ಲ ಅದಕ್ಕಿಂತ ಎಷ್ಟೋ ಮೇಲೆ ಇರುತ್ತದೆ. ಒಳ್ಳೆಯ 8 ಇಂಚು ಅದನ್ನು ಚೆನ್ನಾಗಿ ಕೊಡುತ್ತದೆ. ಸ್ಯಾಕ್ಸೊಫೋನ್, ಟ್ರಂಪೆಟ್, ಬಿಲ್ಲಿ ಹಾಲಿಡೇ ದನಿ ಎಲ್ಲದರ ಜೀವ ಇರುವುದು ನಡುವಿನ ಸ್ವರಗಳಲ್ಲಿ.

ನಾನು ಯಾವ ಸ್ಪೀಕರ್ ಬಂದರೂ ಮೊದಲು ಹಾಕುವುದು ಮೈಲ್ಸ್ ಡೇವಿಸ್‌ನ 1959ರ ‘ಕೈಂಡ್ ಆಫ್ ಬ್ಲೂ’. ನ್ಯೂಯಾರ್ಕಿನಲ್ಲಿ ಮೊದಲು ಚರ್ಚ್ ಆಗಿದ್ದ ಕಟ್ಟಡವನ್ನು ಕೊಲಂಬಿಯಾ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು. ಅಲ್ಲೇ ಧ್ವನಿಮುದ್ರಣ ಆಗಿದ್ದು. ಮೊದಲನೇ ಹಾಡು ಪಿಯಾನೋ ಮತ್ತು ಪಾಲ್ ಚೇಂಬರ್ಸ್‌ನ ಬೇಸ್‌ನಿಂದ ಮೆಲ್ಲಗೆ ಶುರುವಾಗುತ್ತದೆ. ಆ ಅರ್ಧ ನಿಮಿಷದಲ್ಲಿ ಬೇಸ್ ಯಾವ ಸ್ವರ ಹಿಡಿಯಿತು ಅಂತ ನೀವು ಗುನುಗಲು ಆದರೆ ಸ್ಪೀಕರ್ ಪಾಸ್. ಸುಮ್ನೆ ಧುಂ ಧುಂ ಅಂತ ಮಾತ್ರ ಕೇಳಿದರೆ ಬಿಟ್ಟು ಬನ್ನಿ.

ಇನ್ನೊಂದು ನನಗೆ ತುಂಬಾ ಇಷ್ಟದ ಸಂಗತಿ. ಬ್ಲೂ ನೋಟ್ ಕಂಪನಿಯ 1950ರ ದಶಕದ ಎಷ್ಟೋ ರೆಕಾರ್ಡುಗಳನ್ನು ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತನ್ನ ಅಪ್ಪ ಅಮ್ಮನ ಮನೆಯ ಹಾಲಿನಲ್ಲಿ ಮಾಡಿದ. ಅಂದರೆ ಮನೆಯೊಂದರ ಹಾಲಿನಲ್ಲಿ ನುಡಿಸಿದ್ದನ್ನು ನಾವು ನಮ್ಮ ಮನೆಯ ಹಾಲಿನಲ್ಲಿ ಕೇಳುತ್ತೇವೆ. ಸೊಂಟದೆತ್ತರದ ಡಬ್ಬಿ ಅದಕ್ಕೆ ಯಾಕೆ ಬೇಕು?

ಅಂಕೋಲೆ ಹುಡುಗ:

ಅಣ್ಣ, 15 ಸಾವಿರಕ್ಕೆ ಹೊಸ ಬುಕ್‌ಶೆಲ್ಫ್ ಸ್ಪೀಕರ್ ಗ್ಯಾರಂಟಿ ಜೊತೆ ಬರುತ್ತದೆ. 50 ವರ್ಷಕ್ಕಿಂತ ಹಳೇದು ಯಾಕೆ?

ಕೋಡಿಬಾಗ್ ಕೇಳುಗ:

ತಮ್ಮಾ, ನೀನು ಹೇಳುವುದು ಸರಿ ಇದೆ. ಹೊಸದನ್ನೂ ಒಬ್ಬ ಗೆಳೆಯನ ಮನೆಯಲ್ಲಿ ಕೇಳಿದೆ. ಸ್ವಚ್ಛವಾಗಿತ್ತು. ಆದರೆ ಅಪ್ಪನ ಎಲ್‌ಪಿಗಳಲ್ಲಿ ಗೀರು ಜಾಸ್ತಿ, ಹೊಸದರಲ್ಲಿ ಮೇಲಿನ ಸ್ವರ ಕೊಡುವ ಟ್ವೀಟರ್ ಆ ಚಟಪಟ ಸದ್ದನ್ನೇ ಮುಂದೆ ತಂದು ನಿಲ್ಲಿಸಿತು. ಹಳೇ ಸ್ಪೀಕರ್‌ನ ಮೇಲಿನ ಸ್ವರ ಸ್ವಲ್ಪ ಮೆತ್ತಗೆ. ನನ್ನ ಕಿವಿಗೆ ಅದೇ ಹಿತ.

ಕುಮಟಾ ಬೆಸುಗೆ:

ಕೋಡಿಬಾಗ್ ಅಣ್ಣ, ನಾನು ಕುಮಟೆಯಲ್ಲಿ 26 ವರ್ಷದಿಂದ ರೇಡಿಯೋ, ಆಂಪ್, ಸ್ಪೀಕರ್ ರಿಪೇರಿ ಮಾಡುತ್ತೇನೆ. ದೊಡ್ಡ ಜೋಡಿ ಬೇಡ ಅಂತ ನಾನೂ ಹೇಳುತ್ತೇನೆ. ನನ್ನ ಕಾರಣ ಫೋಮ್. ಗಾಳಿಯಲ್ಲಿರುವ ತೇವವೇ ಆ ಫೋಮನ್ನು ನಿಧಾನಕ್ಕೆ ಒಡೆಯುತ್ತದೆ. ಒಣ ಊರಿನಲ್ಲಿ 15-20 ವರ್ಷ ಬಾಳುವುದು ನಮ್ಮ ಮಳೆಗಾಲಕ್ಕೆ ಬೇಗ ಸೋಲುತ್ತದೆ. ಹೊಸ ಫೋಮ್ ಕೂರಿಸಬಹುದು, ನಾನೇ ಎಷ್ಟೋ ಕೂರಿಸಿದ್ದೇನೆ. ಕೆಲವು ವರ್ಷಕ್ಕೆ ಮತ್ತೆ ಅದೇ ಕೆಲಸ. ಕರಾವಳಿಯವರು ಹಳೇ ಸ್ಪೀಕರ್ ಕೊಳ್ಳುವಾಗ ಹೆಸರು ನೋಡುವ ಮೊದಲು ಅಂಚು ನೋಡಬೇಕು. ರಬ್ಬರ್ ಅಥವಾ ಬಟ್ಟೆ ಇದ್ದರೆ ಮಾತ್ರ ಮುಂದಿನ ಮಾತು.

ಎಆರ್ ಅಂದರೆ ಅಕೂಸ್ಟಿಕ್ ರಿಸರ್ಚ್. ಎಡ್ಗರ್ ವಿಲ್ಚರ್ 1954ರಲ್ಲಿ ಶುರು ಮಾಡಿದ ಕಂಪನಿ. ಗಾಳಿಯಾಡದ ಹಾಗೆ ಮುಚ್ಚಿದ ಡಬ್ಬಿ ಮಾಡಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಹಾಗೆ ಬಳಸುವುದು ಅವನ ಉಪಾಯ. ಅದಕ್ಕೇ ಚಿಕ್ಕ ಡಬ್ಬಿಯಿಂದಲೂ ತಗ್ಗಿನ ಸ್ವರ ಬರುತ್ತದೆ. ಆದರೆ ಡಬ್ಬಿ ಗಾಳಿ ಬಿಟ್ಟರೆ ಆ ಬೇಸ್ ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ಹೋದ ತಕ್ಷಣ ಇದನ್ನು ಮಾಡಿ. ಮುಂದಿನ ಬಟ್ಟೆಯ ಚೌಕಟ್ಟನ್ನು ಮನೆಯವರನ್ನು ಕೇಳಿ ನಿಧಾನ ತೆಗೆಯಿರಿ. ಎರಡೂ ಕೈಯ ಬೆರಳು ವೂಫರ್‌ನ ಕೋನ್, ಅಂದರೆ ಕಾಗದದ ತಟ್ಟೆಯ ಮೇಲೆ ಎದುರುಬದುರು ಇಟ್ಟು ಒಂದೇ ಸಮ ಸ್ವಲ್ಪ ಒಳಗೆ ಒತ್ತಿ ಬಿಡಿ. ಕೋನ್ ಮೆಲ್ಲಗೆ ವಾಪಸ್ ಬಂದರೆ ಡಬ್ಬಿ ಗಟ್ಟಿ ಇದೆ. ಟಪ್ ಅಂತ ಬಂದರೆ ಎಲ್ಲೋ ಗಾಳಿ ಬಿಡುತ್ತಿದೆ. ಒತ್ತುವಾಗ ಕರಕರ ಅಂದರೆ ಒಳಗಿನ ಕಾಯಿಲ್ ಉಜ್ಜುತ್ತಿದೆ, ಆ ಜೋಡಿ ಬೇಡ. ಗಾಳಿ ಬಿಡುವುದಕ್ಕೆ ಮಾತ್ರ ಹೆದರಬೇಡಿ. ಅಂಚಿನ ಬಟ್ಟೆ ಹಾಗೇ ಇರುತ್ತದೆ, ಅದಕ್ಕೆ ಬಳಿದ ಲೇಪ ಒಣಗಿರುತ್ತದೆ. ಹೊಸ ಲೇಪ ಬಳಿದರೆ ಸರಿಯಾಗುತ್ತದೆ. ದಯವಿಟ್ಟು ನೀವೇ ಫೆವಿಕಾಲ್ ಹಚ್ಚಲು ಹೋಗಬೇಡಿ. ಅಂಚು ಸೆಟೆದು ಹೋಗುತ್ತದೆ, ಆಮೇಲೆ ನನ್ನಿಂದಲೂ ಬಿಡಿಸಲು ಆಗುವುದಿಲ್ಲ.

ಹಿಂದೆ ಒಂದು ತಿರುಗುಣಿ ಇರುತ್ತದೆ, ಟ್ವೀಟರ್ ಸದ್ದು ಹೆಚ್ಚು ಕಡಿಮೆ ಮಾಡಲು. ಎಆರ್‌ನ ದೊಡ್ಡ ತೊಂದರೆ ಅದೇ. ಒಳಗೆ ಕಿಲುಬು ಹಿಡಿದು ಟ್ವೀಟರ್ ಸತ್ತ ಹಾಗೆ ಆಗುತ್ತದೆ. ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಚರಚರ ಅಂದು ಸದ್ದು ಬಂದರೆ ಟ್ವೀಟರ್ ಬದುಕಿದೆ, ಆದರೆ ತಿರುಗುಣಿ ಬದಲಿಸಬೇಕು. ಅದನ್ನು ತೋರಿಸಿ ಚೌಕಾಸಿ ಮಾಡಿ. ಮೀಟರ್ ಇದ್ದರೆ ವೂಫರ್‌ನ ಓಮ್ಸ್ (ವಿದ್ಯುತ್ ತಡೆ) ನೋಡಿ. 8 ಓಮ್ಸ್ ಸ್ಪೀಕರ್‌ಗೆ 5ರಿಂದ 7ರ ಒಳಗೆ ತೋರಿಸುತ್ತದೆ. ಡಬ್ಬಿಯ ತಳ ನೆಲದ ತೇವ ಕುಡಿದು ಉಬ್ಬಿದೆಯಾ, ಅದನ್ನೂ ನೋಡಿ. ಟ್ವೀಟರ್‌ಗೆ ಮೇಲಿನ ಸ್ವರ ಮಾತ್ರ ಬಿಡುವ ಕೆಪಾಸಿಟರ್ ಹೇಗಿದ್ದರೂ ಬದಲಿಸಬೇಕು, ಡಬ್ಬಿಗೆ ಒಂದೇ ಇರುವುದು, ಖರ್ಚು ಕಡಿಮೆ.

ಕೋಡಿಬಾಗ್ ಕೇಳುಗ:

ಭಾನುವಾರ ರೈಲಿನಲ್ಲಿ ಮಡಗಾಂವ್‌ಗೆ ಹೋಗಿ ಬಂದೆ. ಎಆರ್ ಜೋಡಿ ತಂದುಬಿಟ್ಟೆ!

ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದರು. ಅವರ ಯಜಮಾನರೂ ಹಡಗಿನವರೇ. ಸ್ಪೀಕರ್ ಅವರೇ ತಂದದ್ದಂತೆ. ಚಿಕ್ಕ ಆಂಪ್ ಒಯ್ದಿದ್ದೆ, ಫೋನ್‌ನಿಂದ ಶಿರಸಿಯವರು ಹೇಳಿದ ಹಾಡನ್ನೇ ಹಾಕಿದೆ. ಎಡಗಡೆಯದರಲ್ಲಿ ಬೇಸ್‌ನ ಸ್ವರ ಸರಿಯಾಗಿ ಗುನುಗಲು ಬಂತು. ಬಲಗಡೆಯದು ಬಡಕಲಾಗಿತ್ತು. ಒತ್ತಿ ನೋಡಿದೆ, ಎಡದ್ದು ಮೆಲ್ಲಗೆ ಬಂತು, ಬಲದ್ದು ಟಪ್ ಅಂತ. ಬಲದ ಟ್ವೀಟರ್ ಮೊದಲು ಸುಮ್ಮನಿತ್ತು. ತಿರುಗುಣಿ ತಿರುಗಿಸುತ್ತಾ ಹೋದೆ, ಹನ್ನೆರಡನೇ ಸಲಕ್ಕೋ ಏನೋ ಚರ್ ಅಂದು ಒಮ್ಮೆಲೇ ಡ್ರಮ್‌ನ ತಾಳ ಕೇಳಿತು. ಅಜ್ಜಿ ಒಳಗಿನಿಂದ ಬಂದು ಕುರ್ಚಿ ಎಳೆದು ಕೂತರು. ಹಾಡು ಒಂಬತ್ತು ನಿಮಿಷದ್ದು, ಪೂರ್ತಿ ಕೇಳಿದರು. ನಾನೂ ಮೀಟರ್ ಕೆಳಗಿಟ್ಟು ಕೂತೆ.

ಕೊನೆಗೆ 12,500ಕ್ಕೆ ಒಪ್ಪಿದರು. ಒಂದೊಂದು ಸುಮಾರು 8 ಕೆಜಿ, ಎರಡು ಚೀಲದಲ್ಲಿ ಹಾಕಿಕೊಂಡು ರೈಲಿನಲ್ಲೇ ತಂದೆ.

ಈಗ ಎಡದ್ದೊಂದನ್ನೇ ಹಾಕಿ ಬಿಲ್ಲಿ ಹಾಲಿಡೇಯ ಮೋನೋ (ಎರಡೂ ಕಡೆ ಒಂದೇ ಸದ್ದಿನ) ಎಲ್‌ಪಿ ಕೇಳುತ್ತಿದ್ದೇನೆ. ಹಾಡುವ ಮೊದಲು ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ಶಾರ್ಟ್‌ವೇವ್‌ನಲ್ಲಿ ಅದು ಅಪ್ಪನಿಗೆ ಕೇಳಿರಲಿಕ್ಕಿಲ್ಲ.

ಶಿರಸಿಯವರೇ, ಎಲ್ಲಿ ಇಡಲಿ? ಕುಮಟೆಯವರೇ, ಬಲದ್ದನ್ನು ಬುಧವಾರ ತರಬಹುದಾ?

ಶಿರಸಿ ಮಾಳಿಗೆ:

ತುಂಬಾ ಖುಷಿ ಆಯಿತು. ಮೂಲೆಗೆ ತಳ್ಳಬೇಡಿ, ಗೋಡೆಯಿಂದ ಒಂದಡಿ ಮುಂದೆ ಇಡಿ. ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರುವ ಹಾಗೆ ಸ್ಟೂಲ್ ಮಾಡಿಸಿ. ಕೆಂಪು ನೆಲಕ್ಕೆ ಜಮಖಾನೆ ಹಾಸಿ, ಇಲ್ಲದಿದ್ದರೆ ಟ್ರಂಪೆಟ್ ಚುಚ್ಚುತ್ತದೆ. ಮಳೆಗಾಲದಲ್ಲಿ ಎಲ್‌ಪಿಗೆ ಬೂಷ್ಟು ಬರುತ್ತದೆ, ಕಪಾಟಿನಲ್ಲಿ ಒಂದು ಚಿಕ್ಕ ಬಲ್ಬ್ ಉರಿಸಿಡಿ, ಎಲ್‌ಪಿಗೆ ತಾಗದ ಹಾಗೆ ದೂರದಲ್ಲಿ. ಆಷಾಢದಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಬ್ರಷ್ ಆಡಿಸುವ ಡ್ರಮ್ ಕೇಳುವುದೇ ಇಲ್ಲ. ಆ ದಿನಗಳಿಗೆ ಜೋರಾಗಿ ಪಿಯಾನೋ ನುಡಿಸುವ ಬ್ರೂಬೆಕ್ ಇಟ್ಟುಕೊಳ್ಳಿ.

ಕುಮಟಾ ಬೆಸುಗೆ:

ಬುಧವಾರ ಹತ್ತು ಗಂಟೆ ಮೇಲೆ ಬನ್ನಿ. ಎಡದ್ದನ್ನೂ ತನ್ನಿ ಅಣ್ಣ. ಕೆಪಾಸಿಟರ್ ಎರಡಕ್ಕೂ ಒಟ್ಟಿಗೆ ಹಾಕಬೇಕು, ಇಲ್ಲದಿದ್ದರೆ ಎರಡರ ದನಿ ಬೇರೆ ಬೇರೆ ಆಗುತ್ತದೆ. ಲೇಪ ಒಣಗಲು ಒಂದು ದಿನ ಬೇಕು. ಗುರುವಾರ ಸಂಜೆ ಒಯ್ಯಬಹುದು. ಆ ಎಲ್‌ಪಿಯನ್ನೂ ತನ್ನಿ, ಜೋಡಿಯಲ್ಲಿ ಕೇಳಿ ನೋಡೋಣ.